ಟೊಪ್ಪಿಗೆ

ವೇಲ್ಸಿನ ಮೋಯ್ಲ್ ಶಾಬೊಡ್ ಇಳಿಜಾರಿನಲ್ಲಿ
ದಾರಿ ರಿಪೇರಿಯ ಟೆಗ್ವೆನ್
ದಿನಕ್ಕೆ ಎರಡಾದರೂ ಹೆಕ್ಕುತ್ತಾಳೆ,
ಚಾರಣಿಗರ ಕೋಲಿನಿಂದ ಕಳಚಿಬಿದ್ದ ರಬ್ಬರ್ ಟೊಪ್ಪಿಗೆ:
ಹೆಬ್ಬೆರಳ ತುದಿಯಷ್ಟು, ಕಪ್ಪಗೆ,
ಕುರಿಹಿಕ್ಕೆಗಳ ನಡುವೆ
ಕುರಿಹಿಕ್ಕೆಯ ಹಾಗೇ.

ಟೊಪ್ಪಿಗೆ ಹೋದರೆ ಉಳಿಯುವುದು ಉಕ್ಕಿನ ಮೂತಿ.
ಕಾಲು ನಡುದಾರಿಯಲ್ಲೇ ಸಭ್ಯವಾಗಿ ನಡೆದರೂ
ಕೋಲು ಅಂಚನ್ನೇ ಕುಕ್ಕುತ್ತದೆ.
ಎಡಕ್ಕೊಂದು ಸಾಲು ತೂತು, ಬಲಕ್ಕೊಂದು ಸಾಲು,
ಯಾರೋ ಬೆಟ್ಟ ಹೊಲಿಯಲು ಕೂತು
ದಾರ ಪೋಣಿಸಲು ಮರೆತ ಹಾಗೆ.
ತೂತಿಗೆ ಮಳೆ ಇಳಿಯುತ್ತದೆ,
ರಾತ್ರಿ ಹೆಪ್ಪುಗಟ್ಟಿ ಒಳಗೊಳಗೇ ಮೈಮುರಿಯುತ್ತದೆ.
ಮಾರ್ಚಿ ಹೊತ್ತಿಗೆ ಅಂಗೈಯಗಲ ಹುಲ್ಲು
ಬೇರುಸಮೇತ ತೊರೆಯ ಪಾಲು.

ಇಪ್ಪತ್ತಾರು ವರ್ಷ ಕಲ್ಲು ಹೊತ್ತು ಆ ಅಂಚು ಕಟ್ಟಿದವಳು.
ಬಂಡೆಯ ಮೇಲೆ ಹೊಸ ಬಿಳಿ ಗೀರು ಕಂಡರೆ
ಕೂತು ಸವರುತ್ತಾಳೆ:
ಅಜ್ಜಿಗಿಂತ ಹಳೆಯ ಕಲ್ಲುಹೂ,
ಒಂದು ಶನಿವಾರಕ್ಕೆ ಹೋಯಿತು.
“ಎರಡೆರಡು ಕೋಲು ಹಿಡಿದಿದ್ದೀರಲ್ಲ,
ಸ್ಕೀ ಎಲ್ಲಿ ಬಿಟ್ಟುಬಂದಿರಿ?”
ಜನ ನಗುತ್ತಾರೆ. ಅವಳು ನಗುವುದಿಲ್ಲ.

ಸೋದರಮಾವ ಇಥೆಲ್ ಹೇಜಲ್ ಕೋಲು ಮಾಡುತ್ತಿದ್ದ.
ಜನವರಿಯಲ್ಲಿ ಕಡಿದು, ಎರಡು ವರ್ಷ ಕೊಟ್ಟಿಗೆಯಲ್ಲಿ ತೂಗಿಬಿಟ್ಟು,
ಕೆಟಲಿನ ಹಬೆಗೆ ಹಿಡಿದು ಸೊಟ್ಟ ತೆಗೆಯುತ್ತಿದ್ದ.
ಬೇಲಿಯಲ್ಲಿ ಎಳೆಚಿಗುರು ನೋಡಿಯೇ ಹೇಳುವನು:
ಇದು ಅಂಚೆಯವನಿಗೆ, ಇದು ಕುಂಟ ಕಾಡೋಗನಿಗೆ,
ಆ ಮೂಲೆಯದು ನಿನಗೆ.
“ನನಗೆ ಮೊಣಕಾಲಿದೆ,” ಅಂದಿದ್ದಳು.
ಬೇಲಿ ಹೋಗಿ ಈಗಲ್ಲಿ ಪಾರ್ಕಿಂಗು.

ಕಳೆದ ನವೆಂಬರಿನಲ್ಲಿ ಡಾಕ್ಟರು
ಎಕ್ಸ್‌ರೇಯನ್ನು ಬೆಳಕಿಗೆ ಹಿಡಿದಳು.
ಮೆತ್ತೆ ಸವೆದಿದೆ, ಬಲಗಡೆ ಮೂಳೆಗೆ ಮೂಳೆ.
ಯಾರೂ ಗಮನಿಸದೆ ಸವೆಯುವುದು ಹೇಗೆಂದು
ಅವಳಿಗೆ ವಿವರಿಸಬೇಕಾಗಿರಲಿಲ್ಲ.

ಅಂಗಡಿಯ ಹುಡುಗ ಹೇಳಿದ:
ಕಾರ್ಬನ್ ಹಗುರ, ಆದರೆ ಕಲ್ಲುಸಂದಿಗೆ ಸಿಕ್ಕರೆ ಪಟ್ಟನೆ ಮುರಿಯುತ್ತದೆ;
ಅಲ್ಯೂಮಿನಿಯಂ ಬಾಗುತ್ತದೆ.
“ಬಾಗುವುದನ್ನೇ ಕೊಡು.”
“ಒಂದೋ ಎರಡೋ?”
ತುಸು ಹೊತ್ತು ಬೀದಿ ನೋಡಿದಳು.
“ಎರಡು.”

ಮನೆಯಲ್ಲಿ ಬಿಸ್ಕತ್ ಡಬ್ಬಿ ತುಂಬ ಹೆಕ್ಕಿದ ಟೊಪ್ಪಿಗೆಗಳು.
ಸುರಿದು, ಒಂದೊಂದೇ ತೊಡಿಸಿ ನೋಡಿ,
ಗಟ್ಟಿಯಾಗಿ ಕೂತ ಎರಡಕ್ಕೆ ಗೋಂದು ಹಚ್ಚಿದಳು.

ಮರುದಿನ ಇಳಿಯುವಾಗ
ಹುಲ್ಲು ತಪ್ಪಿಸಿ, ಕಲ್ಲುಹೂ ತಪ್ಪಿಸಿ,
ತಾನೇ ಹಾಸಿದ ಕಲ್ಲುಗಳ ಮೇಲೆ ಮಾತ್ರ
ಕೋಲೂರಿ ಬಂದಳು,
ಅರ್ಧ ಗಂಟೆಯ ದಾರಿಗೆ ಎರಡು ಗಂಟೆ.
ಮೊಣಕಾಲು ತೆಪ್ಪಗಿತ್ತು.

ಕೆಳಗೆ ಬಂದು ನೋಡಿದರೆ
ಎಡಗೋಲು ಬೋಳು.

ವ್ಯಾನಿನಲ್ಲಿ ಹುಡುಗರು ಹಾರ್ನ್ ಹೊಡೆಯುತ್ತಲೇ ಇದ್ದರು.
ಅವಳು ಟಾರ್ಚ್ ಹಿಡಿದು ವಾಪಸು ಹತ್ತುತ್ತಿದ್ದಳು,
ಬಗ್ಗಿ, ಬಗ್ಗಿ,
ಮೂರು ಸಲ ಹಿಕ್ಕೆಯನ್ನೇ ಹೆಕ್ಕಿ.