ಆಗಸ್ಟ್ ಐದು, ಒರೆಸೋ ಮುಂಚೆ

ಒರೆಸಬೇಡಿ ಆಯಮ್ಮ, ಅಂತ ಕೈ ಹಿಡಕೊಂಡಳು ಅರುಳ್ಮಣಿ.
ಸಂಜೆ ನಾಲ್ಕೂವರೆ. ಕಲಾಸಿಪಾಳ್ಯದ ಬಸ್ಸುಗಳು
ಕಿಟಕಿಗೆ ಹೊಗೆ ಊದುತ್ತಿದ್ದವು.
ಬೋರ್ಡಿನ ಮೇಲೆ ಜೋಸ್ಫೀನ್ ಟೀಚರ ದುಂಡು ಅಕ್ಷರ:
ಈ ದಿನ ಏನೇನಾಯ್ತು?

ಇಪ್ಪತ್ತೆರಡು ವರ್ಷದಿಂದ ಒರೆಸಿದ್ದೀನಿ ಕಣೇ.
ಒರೆಸೋ ಮುಂಚೆ ಒಂದ್ಸಲ ಓದ್ತೀನಿ. ಯಾರಿಗೂ ಹೇಳಬೇಡ,
ನಾನು ಓದು ಕಲಿತದ್ದೇ ಹಾಗೆ.

ಕೂತ್ಕೊಳ್ಳಿ. ಇಮ್ದಾದ್, ಡಸ್ಟರ್ ಕೆಳಗಿಡು.
ತಾರೀಖು ಅಂದರೆ ನಮ್ಮ ವಠಾರದ ನಲ್ಲಿ ಇದ್ದ ಹಾಗೆ.
ಐದು ಗಂಟೆಗೆ ಕೊಡ ಇಟ್ಟವಳಿಗೆ
ಏಳಕ್ಕೆ ಬಂದವಳು ಯಾರೋ ಗೊತ್ತಿಲ್ಲ.
ಕಾಲಡಿಯ ಒದ್ದೆ ಮಾತ್ರ ಒಂದೇ.

ನೋಡು, ಮೊದಲನೇ ಕೊಡ: ಸಾವಿರದ ಎಂಟುನೂರ ಐವತ್ತೆಂಟು.
ಸಮುದ್ರದ ತಳಕ್ಕೆ ತಂತಿ ಇಳಿಬಿಟ್ಟು
ಈ ದಡಕ್ಕೂ ಆ ದಡಕ್ಕೂ ಗಂಟು ಹಾಕಿದರು.
ಆಮೇಲೆ? ಅಂದ ಇಮ್ದಾದ್.
ಆಮೇಲೇನು, ಮೂರು ವಾರ ಮಾತಾಡಿ ಸುಮ್ಮನಾಯ್ತು.
ನಿಮ್ಮಪ್ಪ ತಂದ ಚಾರ್ಜರಿನ ಥರ.
ಮತ್ತೆ ಹಾಕಿದರು. ಅದು ಬೇರೆ ತಾರೀಖು.

ಇದು ಸಾವಿರದ ಒಂಬೈನೂರ ಹದಿನಾಲ್ಕು. ಅಮೆರಿಕದ ಒಂದೂರಲ್ಲಿ
ರಸ್ತೆ ಕೂಡೋ ಕಡೆ ಕರೆಂಟಿನ ಸಿಗ್ನಲ್ಲು.
ಕೆಂಪು, ಹಸಿರು, ಎರಡೇ.
ಹಳದಿ ಇನ್ನೂ ಹುಟ್ಟಿರಲಿಲ್ಲ, ಬಣ್ಣ ಬದಲಾಗೋಕೆ ಮುಂಚೆ
ಕೊಂಯ್ ಅಂತ ಒಂದು ಬಜರ್.
ಟೌನ್ ಹಾಲ್ ಹತ್ತಿರ ಬಜರ್ ಬೇಕಿಲ್ಲ ಆಯಮ್ಮ,
ಹಸಿರು ಬೀಳೋಕೆ ಮುಂಚೇನೇ ಎಲ್ಲರೂ ಹಾರ್ನ್ ಹೊಡೀತಾರೆ!

ಅದೇ ಸೀಮೆಯಲ್ಲಿ, ಮೂವತ್ತನೇ ಇಸವಿ, ಇದೇ ದಿನ ಒಂದು ಕೂಸು.
ಕಾಲು ಇಷ್ಟೇ ಇಷ್ಟು, ನನ್ನ ಬೆರಳಷ್ಟು ಇದ್ದೀತು.
ಚಂದ್ರನ ಮಣ್ಣಿನ ಮೇಲೆ ಮೊದಲು ಒತ್ತಿದ್ದು ಆ ಕಾಲು.
ಹೆತ್ತವಳಿಗೆ ಅವತ್ತು ಗೊತ್ತಿತ್ತಾ? ಎಲ್ಲಿಂದ ಗೊತ್ತು,
ಕೂಸು ಅತ್ತಿರುತ್ತೆ, ಅವಳು ಎದೆಗೆ ಹಾಕಿಕೊಂಡಿರುತ್ತಾಳೆ.

ಎರಡು ಸಾವಿರದ ಹತ್ತು. ಚಿಲಿ ಅನ್ನೋ ದೇಶ. ಗಣಿ ಕುಸಿದು
ಮೂವತ್ತಮೂರು ಜನ ನೆಲದೊಳಗೆ.
ಅರುಳ್ಮಣಿ ಉಸಿರು ಹಿಡಿದಳು. ಅವಳ ಮುತ್ತಾತ
ಕೋಲಾರದ ಚಿನ್ನದ ಗಣಿಯಲ್ಲಿ ಇಳಿದು ಹತ್ತಿದವನು,
ಆ ಮನೆಯಲ್ಲಿ ಗಣಿ ಅಂದರೆ ಇವತ್ತಿಗೂ ದನಿ ತಗ್ಗುತ್ತದೆ.
ಬಂದರು ಮಗಾ. ಅರವತ್ತೊಂಬತ್ತು ದಿನ ಆದಮೇಲೆ
ಒಬ್ಬೊಬ್ಬರಾಗಿ, ಮೂವತ್ತಮೂರೂ.
ಕಪ್ಪು ಕನ್ನಡಕ ಹಾಕಿಕೊಂಡು ಬಂದರು,
ಬೆಳಕು ಮರೆತ ಕಣ್ಣಿಗೆ ಬೆಳಕೂ ಚುಚ್ಚುತ್ತಂತೆ.

ಕೊನೆಗೆ ನಮ್ಮೂರು. ಸಾವಿರದ ಒಂಬೈನೂರ ಐದು.
ಶಿವನಸಮುದ್ರದಲ್ಲಿ ಬಿದ್ದ ನೀರು
ಮೊದಲು ನಿನ್ನ ಮುತ್ತಾತನ ಗಣಿಗೆ ಹೋಗಿ, ಮೂರು ವರ್ಷ ಬಿಟ್ಟು
ಇಲ್ಲೇ, ಮಾರ್ಕೆಟ್ಟಿನ ಹತ್ತಿರ,
ಕಂಬದ ಮೇಲೆ ದೀಪವಾಗಿ ಹತ್ತಿಕೊಂಡಿತು.
ಎಣ್ಣೆ ಇಲ್ಲ, ಬತ್ತಿ ಇಲ್ಲ.

ಆ ಕಂಬ ಹತ್ತಿದವರು ಯಾರು?

ಟೀಚರು ಬರೆದಿಲ್ಲ ಕಣೇ.
ಹೆಸರು ಬೇಡ್ವಾ?
ನಾನು ಬಟ್ಟೆ ಹಿಂಡಿದೆ. ಬಕೆಟ್ಟಿನಲ್ಲಿ ಬಿಳೀ ನೀರು.
ಅಷ್ಟರಲ್ಲಿ, ನಂಬಿದರೆ ನಂಬಿ, ಕರೆಂಟು ಹೋಯ್ತು.

ಕಿಟಕಿಯ ಮಬ್ಬಿನಲ್ಲೇ ಎದ್ದಳು ಹುಡುಗಿ.
ಟೀಚರ ಕೊನೇ ಸಾಲಿನ ಕೆಳಗೆ, ಎಟುಕುವಷ್ಟು ಎತ್ತರದಲ್ಲಿ,
ಸೊಟ್ಟಗೆ ಬರೆದಳು:
ಇವತ್ತು ನಮ್ಮಪ್ಪ ಶೇಖರನ್, ಲೈನ್‌ಮ್ಯಾನ್,
ಬಿನ್ನಿಪೇಟೆ ಕಂಬ ಸರಿ ಮಾಡಿ
ಬೆಳಗಿನ ಜಾವ ಮೂರಕ್ಕೆ ಮನೆಗೆ ಬಂದರು. ಊಟ ಮಾಡಲಿಲ್ಲ.

ಮಕ್ಕಳು ಹೋದರು. ಒರೆಸಿದೆ.
ಸಮುದ್ರ ಹೋಯ್ತು, ಸಿಗ್ನಲ್ಲು ಹೋಯ್ತು, ಕೂಸಿನ ಕಾಲು ಹೋಯ್ತು.
ಸೊಟ್ಟ ಸಾಲಿನ ಹತ್ತಿರ ಬಂದಾಗ ಕೈ
ತಾನೇ ಸುತ್ತುಹಾಕಿಕೊಂಡು ಹೋಯ್ತು.

ನಾಳೆ ಆರು. ಟೀಚರು ಏನು ಬರೀತಾರೆ, ನನಗೆ ಬಾಯಿಪಾಠ.
ಅದೂ ಬೆಳಕಿನ ಸುದ್ದಿಯೇ. ಜಪಾನಿನ ಒಂದೂರಿನ ಮೇಲೆ,
ಮಕ್ಕಳು ಸ್ಕೂಲಿಗೆ ಹೋಗೋ ಹೊತ್ತಿಗೆ ಬಿದ್ದ ಬೆಳಕು.
ಅದನ್ನ ಹೇಗೆ ಹೇಳೋದು ಅಂತ ಪ್ರತಿವರ್ಷ ಯೋಚಿಸ್ತೀನಿ.

ಇರಲಿ, ಊಟ ಮಾಡದ ಶೇಖರನ್ನು
ಒಂದು ರಾತ್ರಿ ಬೋರ್ಡಿನ ಮೇಲೆ ಇರಲಿ.
ನಾಳೆ ಅದರ ಪಕ್ಕದಲ್ಲೇ ಬರೀಲಿ ಟೀಚರು.