ಅರ್ಕಾವತ್ತು

ಮೆಲ್ಬರ್ನಿನ ಕಾರ್ನೆಗಿಯಲ್ಲಿ, ಗ್ರಂಥಾಲಯದ ಮೇಲ್ಮಹಡಿಯಲ್ಲಿ,
ಗುರುವಾರ ಸಂಜೆ ಕುರ್ಚಿ ಹಾಕುವ ಕೆಲಸ ನನ್ನದು.
ನಲವತ್ತು ಸಾಕು ಅಂದಿದ್ದರು. ಅರವತ್ತು ಬೇಕಾಯಿತು.
ಕೂರ್ನಾಂಗ್ ರಸ್ತೆಯ ಅಂಗಡಿಗಳಿಂದ
ಹೊಗೆಮೀನು, ಕಪ್ಪು ಬ್ರೆಡ್ಡು, ಸಬ್ಬಸಿಗೆಯ ವಾಸನೆ
ಕೋಟಿನೊಳಗೇ ಹೊತ್ತು ಬಂದರು ಜನ.
ಕಿವಿಗೆ ಹೆಡ್‌ಫೋನು. ರಷ್ಯನ್ ಮಾತಿನ ಹಿಂದೆ
ಒಂದು ಉಸಿರು ತಡವಾಗಿ ಇಂಗ್ಲಿಷು.

ವೇದಿಕೆಯ ಮೇಲೆ ಇಬ್ಬರು.
ಒಬ್ಬ ಗ್ಲೆಬ್ ಒಸ್ತಾಶೆವ್, ವ್ಯಾಖ್ಯಾನಕಾರ,
ರಷ್ಯದ ಆತ್ಮವೆಂಬುದನ್ನು
ಮೂವತ್ತು ವರ್ಷದಿಂದ ರೇಡಿಯೋದಲ್ಲಿ
ಅಳೆದು ಸುರಿದು ಪೊಟ್ಟಣ ಕಟ್ಟಿದವ.
ಹಿಮ ಅಂದ, ಸಹನೆ ಅಂದ, ಕೊನೆಯಿಲ್ಲದ ಬಯಲು ಅಂದ.
ಮುಂದಿನ ಸಾಲಿನ ಮುದುಕರು
ಹರಿಕಥೆಗೆ ಕೂತವರಂತೆ ತಲೆದೂಗಿದರು.

ಇನ್ನೊಬ್ಬಳು ತೈಸಿಯಾ ಝೋಲೊಬೊವಾ.
ಅವಳ ಕಾದಂಬರಿಗಳಿಗೆ ಅವಳ ಊರಲ್ಲೀಗ
ಮೈತುಂಬ ಪ್ಲಾಸ್ಟಿಕ್ಕು, ಮೇಲೊಂದು ಎಚ್ಚರಿಕೆಯ ಚೀಟಿ,
ತಂಬಾಕಿನ ಪೊಟ್ಟಣಕ್ಕೆ ಚೇಳಿನ ಚಿತ್ರ ಅಂಟಿಸಿದ ಹಾಗೆ.
ಆತ್ಮದ ಸುದ್ದಿಗೇ ಹೋಗಲಿಲ್ಲ ಅವಳು.
'ನಮ್ಮ ಕಟ್ಟಡದ ಲಿಫ್ಟು,' ಅಂದಳು,
'ಆರನೆಯ ಮಹಡಿಯಲ್ಲಿ ಸಿಕ್ಕಿಕೊಳ್ಳುತ್ತಿತ್ತು.
ಒಳಗಿದ್ದವರು ಬಡಿಯುತ್ತಿದ್ದರು.
ಹೊರಗಿದ್ದ ನಾವು ಟೀವಿಯ ಸದ್ದು ಏರಿಸುತ್ತಿದ್ದೆವು.
ಏಳು ಪುಸ್ತಕಗಳಲ್ಲಿ ನಾನು ಬರೆದದ್ದು ಇಷ್ಟೇ.'

ನನಗೆ ದಾವಣಗೆರೆ ನೆನಪಾಯಿತು.
ಮಿಲ್ಲಿನ ಯೂನಿಯನ್ ಆಫೀಸಿನ ಮುಂದೆ
ಪುಸ್ತಕದ ವ್ಯಾನು. ಎರಡೂವರೆ ರೂಪಾಯಿಗೆ
ಗಟ್ಟಿ ರಟ್ಟು, ನುಣುಪು ಹಾಳೆ,
ಅಚ್ಚ ಕನ್ನಡದಲ್ಲಿ ಮಾತಾಡುವ ತೋಳ.
ಹತ್ತಿಯ ಹಿಂಜು ಅಂಟಿದ ಬೆರಳಲ್ಲೇ ಅಪ್ಪ ಪುಟ ತಿರುವುತ್ತಿದ್ದ.
ಸಮೋವರ್ ಅಂದರೆ ಯಾರೋ ಮಾವನೆಂದುಕೊಂಡಿದ್ದೆ ನಾನು,
ಎಲ್ಲರೂ ಅವನ ಸುತ್ತಲೇ ಕೂರುತ್ತಿದ್ದರಲ್ಲ.
ಆ ಪುಸ್ತಕಗಳಲ್ಲಿ ಲಿಫ್ಟು ಕೆಡುತ್ತಿರಲಿಲ್ಲ.

ಪ್ರಶ್ನೆಗಳ ಹೊತ್ತು. ಮೈಕು ಒಯ್ಯುವವಳೂ ನಾನೇ.
ಹಿಂದಿನ ಸಾಲಲ್ಲಿ ಎದ್ದಳು ಓಲೆಸ್ಯಾ,
ಖಾರ್ಕಿವ್‌ನವಳು, ಎದುರಿನ ಬೇಕರಿಯಲ್ಲಿ ಬೆಳಗಿನ ಪಾಳಿ,
ರೆಪ್ಪೆಯ ಮೇಲೆ ಇನ್ನೂ ಹಿಟ್ಟು.
'ನಮ್ಮವ್ವ ನನಗೆ ಜೋಗುಳ ಹಾಡಿದ್ದು ಈ ಭಾಷೆಯಲ್ಲಿ.
ನಮ್ಮ ಬೀದಿಗೆ ಗುರಿಯಿಡಿ ಅಂದದ್ದೂ ಇದರಲ್ಲೇ.
ಈಗ ಇದನ್ನ ಎಲ್ಲಿಡಲಿ, ಹೇಳಿ.'

ಒಸ್ತಾಶೆವ್ ಗಂಟಲು ಸರಿಮಾಡಿಕೊಂಡ:
'ಸಂಸ್ಕೃತಿ ಬೇರೆ, ಸರ್ಕಾರ...'
ತೈಸಿಯಾ ಅವನ ತೋಳಿನ ಮೇಲೆ ಕೈಯಿಟ್ಟಳು.
ಗೊತ್ತು ಅನ್ನಲಿಲ್ಲ, ಗೊತ್ತಿಲ್ಲ ಅಂತಲೂ ಅನ್ನಲಿಲ್ಲ.
ನೀರಿನ ಲೋಟ ಎತ್ತಿ, ಕುಡಿಯದೆ, ಇಟ್ಟಳು.
ಹೆಡ್‌ಫೋನಿನೊಳಗೆ ದುಭಾಷಿ
ಈ ಮೌನಕ್ಕೇನು ಮಾಡಬೇಕೆಂದು ತಿಳಿಯದೆ
ಒಂದು ಸಲ ಕೆಮ್ಮಿದ.

ಎಲ್ಲ ಮುಗಿದ ಮೇಲೆ, ಸಹಿ, ಫೋಟೋ, ಕೇಕಿನ ಚೂರು,
ನಾನು ಲೆಕ್ಕದ ಪುಸ್ತಕ ತೆಗೆದೆ. ಕುರ್ಚಿ: ೬೦.
ಭುಜದ ಹಿಂದೆ ತೈಸಿಯಾ. 'ಇದ್ಯಾವ ಲಿಪಿ?
ಕೊನೆಗೆ ನೇತಾಡುವ ಈ ಬಾಲ ಏನು?'
ಅದು ರಕಾರ, ಅಂದೆ. ಅರ್ಕಾವತ್ತು.
ಬರೆಯುವಾಗ ಪಕ್ಕದ ಅಕ್ಷರದ ಹಿಂದೆ ನಿಲ್ಲುತ್ತದೆ,
ಓದುವಾಗ ಅದಕ್ಕಿಂತ ಮುಂಚೆ ಗುಡುಗುತ್ತದೆ.
'ಸದ್ದು ಮೊದಲು,' ಅಂದಳು. 'ಬರಹ ಆಮೇಲೆ.'
ಹರುಕು ಇಂಗ್ಲಿಷಿನಲ್ಲಿ, ಎರಡು ಸಲ.
ಆಮೇಲೆ, 'ಅವಳ ಊರನ್ನು ಬರಿ' ಅಂದಳು.
ಖಾರ್ಕಿವ್. ಅಲ್ಲೂ ಬಾಲ ಇತ್ತು.
ಅದರ ಮೇಲೆ ಬೆರಳಿಟ್ಟು ತುಂಬ ಹೊತ್ತು ನಿಂತಳು.

ಓಲೆಸ್ಯಾ ಹೋಗಿರಲಿಲ್ಲ. ಪುಸ್ತಕ ಕೊಳ್ಳಲೂ ಇಲ್ಲ.
ಯಾರೂ ಹೇಳದೆ ಕುರ್ಚಿ ಮಡಚತೊಡಗಿದ್ದಳು.
ಇನ್ನೊಂದು ತುದಿಯಿಂದ ತೈಸಿಯಾ ಮಡಚಿದಳು.
ಇಬ್ಬರ ನಡುವೆ ಖಾಲಿ ನೆಲ ಅಗಲವಾಗುತ್ತ ಬಂತು.

ಗಾಡಿಯನ್ನು ಲಿಫ್ಟಿಗೆ ತಳ್ಳಿ, ಬನ್ನಿ ಅಂದೆ.
ತೈಸಿಯಾ ತಲೆಯಾಡಿಸಿ ಮೆಟ್ಟಿಲ ಕಡೆ ನಡೆದಳು.
ಅವಳ ಹಿಂದೆ ಓಲೆಸ್ಯಾ,
ಎರಡು ಮೆಟ್ಟಿಲು ಬಿಟ್ಟು.