ಬಿಣಗಾದ ಗಿರಣಿಯಲ್ಲಿ ಗೋಧಿ

ಹಿಟ್ಟಿನ ಡಬ್ಬದ ಮೇಲೆ ಕೂತು ಮಗಳು ತೃಪ್ತಿ ಪರೀಕ್ಷೆಗೆ ಓದುತ್ತಾಳೆ,
ಬೆಲ್ಟಿನ ಸದ್ದಿಗಿಂತ ಜೋರಾಗಿ:
ಗೋಧಿ ಬೆಳೆಯುವುದರಲ್ಲಿ ಚೀನಾ ಮೊದಲು, ನಾವು ಎರಡು, ರಷ್ಯಾ ಮೂರು.
ಹಡಗು ತುಂಬಿ ಹೊರಗೆ ಕಳಿಸುವುದರಲ್ಲಿ ಮಾತ್ರ ರಷ್ಯಾ ಮೊದಲು.
ಮತ್ತೆ ಮೊದಲಿನವರು ಯಾಕಪ್ಪ ಮಾರುವುದಿಲ್ಲ?
ಮನೆ ತುಂಬ ಜನ ಇದ್ದವರು ದೋಣಿ ತುಂಬ ಬಂಗಡೆ ಹಿಡಿದರೂ
ಪೇಟೆಗೆ ಎಷ್ಟು ತಂದಾರು, ಹೇಳು, ಅಂದೆ.
ಬರೆದುಕೊಂಡಳು. ಮಾರ್ಕು ಸಿಗಲಿಕ್ಕಿಲ್ಲ.

ನಮ್ಮ ಕಡೆ ಗೋಧಿಯ ಒಂದು ತೆನೆಯೂ ಇಲ್ಲ.
ಅಜ್ಜಿಗೆ ಗೋಧಿ ಅಂದರೆ ಒಪ್ಪತ್ತಿನ ಶನಿವಾರ,
ಇಲ್ಲವೇ ಜ್ವರ ಬಿಟ್ಟ ಮರುದಿನ.
ಈಗ ಡಾಕ್ಟರರ ಚೀಟಿ ಹಿಡಿದೇ ಬರುತ್ತಾರೆ:
ಅನ್ನ ಬಿಡಿ, ರಾತ್ರಿ ಎರಡು ಚಪಾತಿ.
ಊರಿಗೆ ಸಕ್ಕರೆ ಏರಿದಷ್ಟೂ ನನ್ನ ಮೋಟರು ಬಿಸಿ.
ತೃಪ್ತಿಯ ಪುಸ್ತಕದಲ್ಲಿ ಇದು ಇಲ್ಲ.

ಲೋಕದ ಸುದ್ದಿ ನನಗೆ ಮೈದಾ ಮೂಟೆಯ ರೇಟಿನಿಂದ.
ಕಪ್ಪು ಸಮುದ್ರದಲ್ಲಿ ಹಡಗು ನಿಂತರೆ
ಇಲ್ಲಿ ಪಾವು ಒಂದು ಬೆರಳು ಸಣ್ಣದಾಗುತ್ತದೆ.
ಆಸ್ಟ್ರೇಲಿಯಾದಲ್ಲಿ ಒಳ್ಳೆ ಮಳೆಯಾದರೆ
ಬೇಕರಿಯ ಇನಾಸ ನಗುತ್ತಾನಂತೆ;
ನಾನಂತೂ ಕಂಡಿಲ್ಲ.

ಅರಗಾದ ನೇವಿ ಕಾಲನಿಯ ಹೆಂಗಸರು ಸ್ಕೂಟಿಯಲ್ಲಿ,
ಕಾಲ ಸಂದಿಯಲ್ಲಿ ಡಬ್ಬ.
ಏಪ್ರಿಲ್ ಕೊನೆಗೆ ಜಸ್ಬೀರ್ ಕೌರ್ ತಂದದ್ದು ಡಬ್ಬವಲ್ಲ, ಬಟ್ಟೆಯ ಗಂಟು,
ಐದು ಕಿಲೋ, ಸಂಗ್ರೂರಿನಿಂದ ರೈಲಿನಲ್ಲಿ, ಅಪ್ಪನ ಹೊಲದ್ದು.
ಅಂಗೈಗೆ ಸುರಿದಳು. ಕಾಳಿನ ಹೊಟ್ಟೆ ಒಳಗೆ ಹೋಗಿ
ಒಣ ಸೀಗಡಿಯ ಹಾಗೆ.
ಮಾರ್ಚಿನಲ್ಲೇ ಬಿಸಿಗಾಳಿ, ಭಯ್ಯಾ,
ಹಾಲು ತುಂಬುವ ಹೊತ್ತಿಗೆ ಸರಿಯಾಗಿ.
ಇದಕ್ಕೆ ಬೇರೆಯವರದು ಬೆರೆಯಬಾರದು.

ಗಿರಣಿಯ ಕಲ್ಲು ತೊಳೆಯಲು ಬರುತ್ತದೆಯೇ?
ಹಿಂದಿನವರ ಹಿಟ್ಟು ತಳ್ಳಲು ನಾವು ಹಾಕುವುದು ಒಂದು ಮುಷ್ಟಿ ಅಕ್ಕಿ.
ಆ ದಿನ ಕೈಗೆ ಸಿಕ್ಕಿದ್ದು ಮಾಣಿಕಟ್ಟೆಯ ಮಾವ ಕೊಟ್ಟ ಕಗ್ಗ,
ಉಪ್ಪುನೀರಿನಲ್ಲಿ ಕುತ್ತಿಗೆವರೆಗೆ ನಿಂತು
ಬೆಳೆದ ಅಕ್ಕಿ.
ಎಲ್ಲ ಹೊರಗೆ ಬಿತ್ತು ಅಂದುಕೊಂಡೆ.

ಮುಂದಿನ ವಾರ ಬಂದು ಹೇಳಿದಳು:
ರೊಟ್ಟಿ ಉಬ್ಬಿತು. ಅಂಚು ಮಾತ್ರ ಬಿರಿಯಿತು, ಹಾಗೆಂದೂ ಆದದ್ದಿಲ್ಲ.
ಅಪ್ಪನಿಗೆ ಫೋನಿನಲ್ಲಿ ಹೇಳಲಿಲ್ಲ.
ಬಿಸಿಲು ಅದನ್ನೂ ಕೆಡಿಸಿತು ಅಂತ ಕೊರಗಿಯಾರು.

ಬಿಸಿಲೇ ಇರಬೇಕು, ಅಂದೆ.
ಸ್ವಿಚ್ಚು ಒತ್ತಿದೆ.
ಸದ್ದಿನೊಳಗೆ ತೃಪ್ತಿ ಓದುತ್ತಲೇ ಇದ್ದಳು:
ಅಮೆರಿಕ ನಾಲ್ಕು.